ದೇವದೂತರಿರುವುದು ನಮ್ಮ ಕೆಲಸ ಮಾಡಿಕೊಡಲಿಕ್ಕಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವಾರಾಂತ್ಯದ ಪುರವಣಿಯಲ್ಲಿ ಬಂದ ‘ಏಂಜಲ್ ನಂಬರ್’ ಲೇಖನ ಓದಿದೆ. ಗಡಿಯಾರದಲ್ಲಿ 11:11 ಕಂಡರೆ ದೇವದೂತರು ನಮಗೆ ಏನೋ ಹೇಳುತ್ತಿದ್ದಾರೆ, 444 ಕಂಡರೆ ನಿಂತುಹೋದ ಕೆಲಸ ಕೈಗೂಡುತ್ತದೆ ಅಂತೆಲ್ಲ ಅದರಲ್ಲಿತ್ತು. ದೇವದೂತರಲ್ಲಿ ಸೆರಾಫಿಯರು ಎಂಬವರು ಎಲ್ಲರಿಗಿಂತ ಮೇಲಿನ ದರ್ಜೆಯವರು, ಅವರನ್ನು ನೆನೆದರೆ ದುಡ್ಡಿನ ತಾಪತ್ರಯ ಬೇಗ ತೀರುತ್ತದೆ ಎಂಬ ಮಾತೂ ಇತ್ತು. ಇದನ್ನು ಓದಿ ಬೇಸರವಾಯಿತು. ಸೆರಾಫಿಯರ ಹೆಸರು ತೆಗೆದ ಮೇಲೆ ಧರ್ಮಗ್ರಂಥ ಅವರ ಬಗ್ಗೆ ಏನು ಹೇಳುತ್ತದೆ ಎಂದು ಒಂದು ಸಾಲನ್ನಾದರೂ ಬರೆಯಬೇಕಿತ್ತು, ಅಲ್ವಾ?

ಬೈಬಲಿನಲ್ಲಿ ಸೆರಾಫಿಯರು ದೇವರ ಸನ್ನಿಧಿಯಲ್ಲಿ ಕಾಣಿಸಿಕೊಳ್ಳುವುದು ಒಂದೇ ಕಡೆ. ಅದು ಪ್ರವಾದಿ ಯೆಶಾಯನ ಗ್ರಂಥದ 6ನೇ ಅಧ್ಯಾಯ. ಯೆಹೂದದ ರಾಜ ಉಜ್ಜೀಯ ತೀರಿಕೊಂಡ ವರ್ಷ ಅದು, ಅಂದರೆ ಸುಮಾರು ಕ್ರಿ.ಪೂ. 740. ಯೆಶಾಯನಿಗೆ ಎತ್ತರದ ಸಿಂಹಾಸನದ ಮೇಲೆ ದೇವರು ಕಾಣುತ್ತಾನೆ. ಸೆರಾಫಿಯರು ಅಲ್ಲೇ ನಿಂತಿದ್ದಾರೆ. ಒಬ್ಬೊಬ್ಬರಿಗೂ ಆರು ರೆಕ್ಕೆ. ಎರಡರಿಂದ ಮುಖ ಮುಚ್ಚಿಕೊಂಡಿದ್ದಾರೆ, ಎರಡರಿಂದ ಕಾಲು ಮುಚ್ಚಿಕೊಂಡಿದ್ದಾರೆ, ಉಳಿದ ಎರಡರಿಂದ ಹಾರುತ್ತಾರೆ. ದೇವರಿಗೆ ಅಷ್ಟು ಹತ್ತಿರ ಇರುವವರೇ ಕಣ್ಣೆತ್ತಿ ನೋಡುವುದಿಲ್ಲ! ‘ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು’ ಎಂದು ಒಬ್ಬರಿಗೊಬ್ಬರು ಕೂಗಿ ಹೇಳುತ್ತಾರೆ. ಆ ದನಿಗೆ ಹೊಸ್ತಿಲು ನಡುಗುತ್ತದೆ, ಆಲಯದ ತುಂಬ ಹೊಗೆ.

ಇದನ್ನು ಕಂಡ ಯೆಶಾಯ ಹಿಗ್ಗುವುದಿಲ್ಲ. ನನ್ನ ಕಥೆ ಮುಗಿಯಿತು, ನನ್ನ ತುಟಿ ಶುದ್ಧವಿಲ್ಲ ಎಂದು ನಡುಗುತ್ತಾನೆ. ಆಗ ಒಬ್ಬ ಸೆರಾಫಿ ಯಜ್ಞವೇದಿಯಿಂದ ಇಕ್ಕಳದಲ್ಲಿ ಕೆಂಡ ಹಿಡಿದು ಹಾರಿ ಬರುತ್ತಾನೆ, ಅದನ್ನು ಯೆಶಾಯನ ಬಾಯಿಗೆ ಮುಟ್ಟಿಸಿ ನಿನ್ನ ಪಾಪ ಹೋಯಿತು ಅನ್ನುತ್ತಾನೆ. ಸೆರಾಫಿ ಮನುಷ್ಯನಿಗೆ ಮಾಡಿದ ಉಪಕಾರ ಇಷ್ಟೇ. ಆಮೇಲೆ ಯೆಶಾಯನ ಪಾಲಿಗೆ ಬಂದದ್ದು ಒಂದು ಕಷ್ಟದ ಕೆಲಸ. ಕೇಳಿಸಿದರೂ ಕಿವಿಗೆ ಹಾಕಿಕೊಳ್ಳದ ಜನರ ಮುಂದೆ ಹೋಗಿ ಮಾತಾಡಬೇಕು.

ಸೆರಾಫಿಯರನ್ನು ಮೊದಲ ಸ್ಥಾನದಲ್ಲಿಟ್ಟ ಪಟ್ಟಿಗಳಲ್ಲಿ ಹೆಸರಾದದ್ದು ಸುಮಾರು ಕ್ರಿ.ಶ. 500ರ ಹೊತ್ತಿನದು. ದಿಯೊನೀಸಿಯಸ್ ಎಂಬ ಹೆಸರಿನಲ್ಲಿ ಗ್ರೀಕ್‌ನಲ್ಲಿ ಬರೆದ ಒಬ್ಬ ಲೇಖಕ ದೇವದೂತರನ್ನು ಒಂಬತ್ತು ದರ್ಜೆಗಳಾಗಿ ವಿಂಗಡಿಸಿದ. ಮೇಲಿನ ಮೂರರಲ್ಲಿ ಸೆರಾಫಿಯರು, ಕೆರೂಬಿಯರು, ‘ಸಿಂಹಾಸನಗಳು’ ಎಂಬ ಹೆಸರಿನವರು. ಮಹಾದೂತರು ಎಲ್ಲಿ ಗೊತ್ತಾ? ಎಂಟನೆಯ ದರ್ಜೆಯಲ್ಲಿ. ಸಾಮಾನ್ಯ ದೂತರು ಒಂಬತ್ತನೆಯದರಲ್ಲಿ. ಮಹಾದೂತ ಮಿಕಾಯೇಲನನ್ನು ಸ್ವರ್ಗದ ಸೇನೆಯ ದಂಡನಾಯಕ ಎಂದು ನಂಬುವವರಿಗೆ ಇದು ಒಪ್ಪಿಗೆಯಾಗಲಿಲ್ಲ, ಆ ಚರ್ಚೆ ಬೇರೆ. ಆದರೆ ಪಟ್ಟಿಯ ಲೆಕ್ಕಾಚಾರ ಸ್ಪಷ್ಟ. ಮನುಷ್ಯರ ಬಳಿ ಓಡಾಡುವವರು ಕೆಳಗೆ, ದೇವರ ಮುಂದೆ ನಿಂತವರು ಮೇಲೆ. ಹಾಗಾದರೆ ಯೆಶಾಯನ ಬಳಿ ಸೆರಾಫಿ ಬಂದದ್ದು ಹೇಗೆ? ಆ ಲೇಖಕನಿಗೂ ಈ ಪ್ರಶ್ನೆ ಕಾಡಿತ್ತು. ಅದಕ್ಕೆ ಒಂದು ಇಡೀ ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಸೆರಾಫಿ ಎಂದರೆ ಸುಡುವವನು; ಬಂದವನು ಕೆಳಗಿನ ದರ್ಜೆಯ ದೂತನೇ ಇರಬಹುದು, ಸುಡುವ ಕೆಲಸ ಮಾಡಿದ್ದಕ್ಕೆ ಸೆರಾಫಿಯ ಹೆಸರು ಬಂತು ಎಂಬುದು ಅವನು ಕೊಡುವ ಉತ್ತರಗಳಲ್ಲಿ ಒಂದು.

ಯಹೂದಿ ವಿದ್ವಾಂಸ ಮೈಮೊನಿಡೀಸ್ 12ನೇ ಶತಮಾನದಲ್ಲಿ ಕೊಟ್ಟ ಪಟ್ಟಿಯಲ್ಲಿ ಹತ್ತು ದರ್ಜೆ ಇವೆ. ಅದರಲ್ಲಿ ಸೆರಾಫಿಯರು ಐದನೆಯವರು. ಪ್ರವಾದಿಗಳ ಜೊತೆ ಮಾತಾಡುವ ದೂತರು ಅಲ್ಲೂ ಕಟ್ಟಕಡೆಗೇ ಇದ್ದಾರೆ. ಇಸ್ಲಾಮಿನಲ್ಲಿ ಹೀಗಿಲ್ಲ. ಪ್ರವಾದಿ ಮುಹಮ್ಮದರಿಗೆ ದೇವವಾಣಿ ತಂದ ದೇವದೂತ ಜಿಬ್ರೀಲ್‌ಗೆ ಅಲ್ಲಿ ಬಹಳ ದೊಡ್ಡ ಸ್ಥಾನ. ಹಾಗಿದ್ದೂ ಅಲ್ಲಾಹನ ಸಿಂಹಾಸನ ಹೊತ್ತ ದೂತರ ಬಗ್ಗೆ ಕುರ್‌ಆನಿನ 40ನೇ ಅಧ್ಯಾಯದಲ್ಲಿ ಒಂದು ಮಾತಿದೆ, ನನಗೆ ತುಂಬ ಇಷ್ಟವಾದದ್ದು. ಅವರು ಅಲ್ಲಾಹನನ್ನು ಸ್ತುತಿಸುತ್ತಾರೆ, ವಿಶ್ವಾಸಿಗಳನ್ನು ಕ್ಷಮಿಸು ಎಂದು ಬೇಡಿಕೊಳ್ಳುತ್ತಾರೆ. ಅಷ್ಟು ಎತ್ತರದಲ್ಲಿರುವವರು ನಮಗಾಗಿ ಬೇಡುವುದು ಕ್ಷಮೆಯನ್ನು.

ಇದು ಹಳೇ ಪುಸ್ತಕದ ವಿಷಯ, ಈಗ ಯಾಕೆ ಅನ್ನಬೇಡಿ. ಕ್ಯಾಥೊಲಿಕ್ ಇಗರ್ಜಿಗಳಲ್ಲಿ ದಿನವೂ ನಡೆಯುವ ಬಲಿಪೂಜೆಯಲ್ಲಿ, ರೊಟ್ಟಿ-ದ್ರಾಕ್ಷಾರಸದ ಮುಖ್ಯ ಪ್ರಾರ್ಥನೆ ಶುರುವಾಗುವಾಗ, ಸೆರಾಫಿಯರ ಆ ಮೂರು ಮಾತನ್ನೇ ಜನ ಹಾಡುತ್ತಾರೆ. ಮಂಗಳೂರಿನಲ್ಲೂ ಹಾಡುತ್ತಾರೆ, ರೋಮಿನಲ್ಲೂ ಹಾಡುತ್ತಾರೆ. ಯಹೂದಿಗಳು ಸಾಮೂಹಿಕ ಪ್ರಾರ್ಥನೆಯಲ್ಲಿ ಇದೇ ಮಾತು ಹೇಳುವಾಗ ಪಾದ ಜೋಡಿಸಿ ನಿಲ್ಲುತ್ತಾರೆ. ಮೂರು ಸಲವೂ ಹಿಮ್ಮಡಿ ಎತ್ತಿ ತುದಿಗಾಲಲ್ಲಿ ಏಳುತ್ತಾರೆ. ಕೇರಳ ಮೂಲದ ಸಿರಿಯನ್ ಆರ್ಥೊಡಾಕ್ಸ್ ಚರ್ಚುಗಳು ಬೆಂಗಳೂರಿನಲ್ಲೂ ಇವೆ. ಅಲ್ಲಿ ಉದ್ದ ಕೋಲಿನ ತುದಿಗೆ ದುಂಡನೆಯ ಲೋಹದ ತಟ್ಟೆ, ಅದರ ಅಂಚಿಗೆ ಸಣ್ಣ ಸಣ್ಣ ಗೆಜ್ಜೆ. ಪೂಜೆಯ ಪವಿತ್ರ ಗಳಿಗೆಗಳಲ್ಲಿ ಅದನ್ನು ಅಲ್ಲಾಡಿಸುತ್ತಾರೆ. ದೇವದೂತರು ಅಲ್ಲಿದ್ದಾರೆ, ರೆಕ್ಕೆ ಬಡಿಯುತ್ತಿದ್ದಾರೆ ಎಂಬ ಭಾವ. ಆ ಗೆಜ್ಜೆ ಸದ್ದಾದಾಗ ಯಾರೂ ತಮಗೆ ಏನು ಸಿಗುತ್ತದೆ ಎಂದು ಲೆಕ್ಕ ಹಾಕುವುದಿಲ್ಲ. ತಲೆಬಾಗಿ ನಿಲ್ಲುತ್ತಾರೆ.

ಕಷ್ಟ ಬಂದಾಗ ದೇವರನ್ನೋ ಸಂತರನ್ನೋ ದೂತರನ್ನೋ ಕರೆಯುವುದು ತಪ್ಪಲ್ಲ. ಕಾವಲು ದೂತರ ಮೇಲಿನ ನಂಬಿಕೆ ದೊಡ್ಡದು, ಅಕ್ಟೋಬರ್ 2 ಅವರ ಹಬ್ಬ. ನನ್ನ ತಕರಾರು ಅದಕ್ಕಲ್ಲ. ಸಾವಿರಾರು ವರ್ಷ ಜನ ಭಯಭಕ್ತಿಯಿಂದ ಕಾಪಾಡಿಕೊಂಡು ಬಂದದ್ದನ್ನು ಮೊಬೈಲ್ ನಂಬರಿನ ಅದೃಷ್ಟದ ಪಕ್ಕ ಸುಮ್ನೆ ಒಂದು ಸಾಲಿನಲ್ಲಿ ತುರುಕುವುದು ಸರಿಯಲ್ಲ. ಓದುಗರು ಪತ್ರಿಕೆಯಲ್ಲಿ ಬಂದದ್ದನ್ನು ನಂಬುತ್ತಾರೆ.

ಸೆಪ್ಟೆಂಬರ್ 29 ಮಿಕಾಯೇಲ, ಗಬ್ರಿಯೇಲ, ರಫಾಯೇಲರ ಹಬ್ಬ. ಆ ವಾರದ ಪುರವಣಿಯಲ್ಲಿ ದೇವದೂತರ ಬಗ್ಗೆ ತಿಳಿದವರಿಂದ ಒಂದು ಲೇಖನ ಬರೆಸಿ. ಇಗರ್ಜಿಯ ಒಬ್ಬ ಗುರುಗಳನ್ನೂ ಒಬ್ಬ ಮೌಲವಿಯನ್ನೂ ಕೇಳಿದರೆ ಇನ್ನೂ ಒಳ್ಳೆಯದು. ಜಾಗ ಕಡಿಮೆ ಅನಿಸಿದರೆ ಯೆಶಾಯನ ಆ ಅಧ್ಯಾಯದ ಮೊದಲ 8 ವಚನಗಳನ್ನು ಹಾಗೇ ಅಚ್ಚು ಹಾಕಿ, ಸಾಕು.

ಇಂತಿ,
ಒಬ್ಬ ಓದುಗ, ಉಡುಪಿ