‘ಮುಂದೇನು?’ ಎಂದು ಕೇಳಿದ ಮೇಷ್ಟ್ರಿಗೆ

ಪ್ರೀತಿಯ ಗೆಳೆಯಾ,

ನಿನ್ನ ಆಮಂತ್ರಣ ತಲುಪಿತು. ಫಲಿತಾಂಶ ಬಂದ ವಾರವೇ ‘ಎಸ್ಸೆಸ್ಸೆಲ್ಸಿ ನಂತರ ಮುಂದೇನು?’ ಎಂದು ಬ್ಯಾನರ್ ಕಟ್ಟಿ, ನನ್ನನ್ನು ಸಂಪನ್ಮೂಲ ವ್ಯಕ್ತಿಯೆಂದು ವೇದಿಕೆ ಮೇಲೆ ಕೂರಿಸಿ, ಒಂದು ಗಂಟೆ ಮಾತಾಡಿಸಿ, ಶಾಲು ಹೊದಿಸಿ ಕಳಿಸುವ ಏರ್ಪಾಡು ನಿನ್ನದು. ನಾನು ಬರುವುದಿಲ್ಲ. ಸಿಟ್ಟಾಗುವ ಮೊದಲು ಕಾರಣ ಕೇಳು. ಇಂಥದೇ ಕರೆ ಬೇರೆ ಶಾಲೆಗಳಿಂದಲೂ ಬಂದಿರುವುದರಿಂದ, ಎಲ್ಲರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ತಾಳ್ಮೆಯಿಲ್ಲದೆ, ಈ ಪತ್ರವನ್ನು ನಾಲ್ಕು ಜನ ಓದುವ ಜಾಗದಲ್ಲೇ ಹಾಕುತ್ತಿದ್ದೇನೆ.

ನೀನು ಬ್ಯಾನರ್ ಕಟ್ಟುವ ಹೊತ್ತಿಗೆ ಮಕ್ಕಳು ಎಲ್ಲಿಗೆ ಹೋಗಬೇಕೆಂಬುದು ಬಹುಪಾಲು ತೀರ್ಮಾನವಾಗಿರುತ್ತದೆ. ತೀರ್ಮಾನ ಮಾಡಿದ್ದು ಯಾರು? ಮೊದಲನೆಯದು ಅಂಕಪಟ್ಟಿ. 625ಕ್ಕೆ ಐನೂರೈವತ್ತು ದಾಟಿದರೆ ವಿಜ್ಞಾನ, ನಾನೂರರ ಆಸುಪಾಸಿನಲ್ಲಿದ್ದರೆ ವಾಣಿಜ್ಯ, ಅದಕ್ಕೂ ಕೆಳಗಾದರೆ ಕಲಾ, ಹೇಗೋ ದಡ ಸೇರಿದವರಿಗೆ ಐಟಿಐ. ಈ ಕಾನೂನನ್ನು ಯಾವ ಇಲಾಖೆಯೂ ಬರೆದಿಲ್ಲ. ಆದರೂ ಅದು ಊರೂರಿನಲ್ಲಿ ಚಾಚೂ ತಪ್ಪದೆ ಜಾರಿಯಲ್ಲಿದೆ. ಎರಡನೆಯದು ಬಸ್ಸು. ಬೆಳಗಿನ ಬಸ್ಸು ಹತ್ತಿದರೆ ಸಿಗುವ ಪಿಯು ಕಾಲೇಜಿನಲ್ಲಿ ಏನಿದೆಯೋ ಅದೇ ಆ ಊರಿನ ಹೆಣ್ಣುಮಕ್ಕಳ ಆಸಕ್ತಿ! 2023ರ ಜೂನ್‌ನಿಂದ ಅವರಿಗೆ ಟಿಕೆಟ್ಟಿನ ಖರ್ಚು ತಪ್ಪಿದೆ ನಿಜ. ಆದರೆ ಕತ್ತಲಾಗುವ ಮೊದಲು ಊರು ಮುಟ್ಟಿಸುವ ಬಸ್ಸೇ ಇಲ್ಲದಿದ್ದರೆ ಅಪ್ಪ ಅಮ್ಮ ಒಪ್ಪುವುದು ಹೇಗೆ?

ಇನ್ನೊಬ್ಬರಿದ್ದಾರೆ. ‘ಉಚಿತ ವೃತ್ತಿ ಮಾರ್ಗದರ್ಶನ ಶಿಬಿರ’ ನಡೆಸಿಕೊಡುತ್ತೇವೆಂದು ಜನವರಿಯಿಂದಲೇ ಶಾಲೆ ಶಾಲೆ ಸುತ್ತುವವರು. ಪೆನ್ನು, ಪರೀಕ್ಷಾ ಪ್ಯಾಡು ಹಂಚುತ್ತಾರೆ, ಚೆಂದದ ಚಿತ್ರಗಳನ್ನು ಪರದೆಯ ಮೇಲೆ ತೋರಿಸುತ್ತಾರೆ, ಹೊರಡುವಾಗ ಒಂದು ಹಾಳೆಯಲ್ಲಿ ಪೋಷಕರ ಮೊಬೈಲ್ ಸಂಖ್ಯೆ ಬರೆಸಿಕೊಳ್ಳುತ್ತಾರೆ. ಅವರು ಬಂದದ್ದೇ ಆ ಹಾಳೆಗಾಗಿ. ಸೀಟು ಮಾರಬೇಕಾದವನ ಬಾಯಲ್ಲಿ ‘ನಿನಗೆ ನಮ್ಮ ಕೋರ್ಸು ಹೊಂದುವುದಿಲ್ಲ ಮಗು’ ಎಂಬ ಮಾತು ಬರುವುದುಂಟೇ? ಬಿ.ಎಸ್ಸಿ ನರ್ಸಿಂಗ್ ಸೀಟು ಕೊಡಿಸುತ್ತೇವೆ ಎನ್ನುವ ಮಧ್ಯವರ್ತಿಗಳದಂತೂ ಬೇರೆಯೇ ಕಥೆ. ಆ ಕಾಲೇಜು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆಯೇ ಎಂದು ವಿಶ್ವವಿದ್ಯಾಲಯದ ಪಟ್ಟಿಯಲ್ಲೇ ನೋಡಿ ಆಮೇಲೆ ಹಣದ ಮಾತಾಡಿ ಎಂದು ನಿನ್ನ ಪೋಷಕರ ಸಭೆಯಲ್ಲಿ ಹೇಳು. ಇದೊಂದು ಮಾತು ಎಷ್ಟೋ ಮನೆಗಳ ಸಾಲ ಉಳಿಸುತ್ತದೆ.

ನಾನು ಇದನ್ನೆಲ್ಲ ನೋಡುವುದು ಪಾಲಿಟೆಕ್ನಿಕ್‌ನ ಪ್ರವೇಶದ ಮೇಜಿನ ಈಚೆ ಕೂತು. ಹೋದ ವರ್ಷ ಒಬ್ಬ ತಂದೆ ಮಗಳನ್ನು ಕರೆತಂದಿದ್ದರು. ಪ್ಲಾಸ್ಟಿಕ್ ಕವರಿನಲ್ಲಿ ಅಂಕಪಟ್ಟಿ, ಆಧಾರ್ ಕಾರ್ಡು. ಉಗುರಿನ ಸಂದಿನಲ್ಲಿ ಸಿಮೆಂಟು. ‘ಯಾವ ಬ್ರ್ಯಾಂಚ್ ಬೇಕಮ್ಮಾ?’ ಎಂದೆ. ಹುಡುಗಿ ಅಪ್ಪನ ಮುಖ ನೋಡಿದಳು, ಅಪ್ಪ ನನ್ನ ಮುಖ ನೋಡಿದರು. ‘ನೀವೇ ಹೇಳಿ ಸಾರ್, ಯಾವುದು ಓದಿದರೆ ಬೇಗ ಕೆಲಸ ಸಿಗುತ್ತದೆ?’ ಕಂಪ್ಯೂಟರ್ ಸೀಟು ಮುಗಿದಿತ್ತು, ಸಿವಿಲ್ ಇತ್ತು. ಹಾಗೆಂದ ಕೂಡಲೇ ಇಬ್ಬರ ಮುಖವೂ ಸಪ್ಪಗಾಯಿತು. ಸಿವಿಲ್‌ನಲ್ಲಿ ಏನು ಕಲಿಸುತ್ತಾರೆ ಗೊತ್ತೇ ಎಂದರೆ ಹುಡುಗಿ ಇಲ್ಲವೆಂದು ತಲೆಯಾಡಿಸಿದಳು. ತಂದೆಯ ಕೆಲಸ ಕೇಳಿದೆ. ಗಾರೆ ಕೆಲಸ. ರಜೆಯಲ್ಲಿ ಮಗಳೂ ಜೊತೆಗೆ ಹೋಗುತ್ತಾಳಂತೆ. ‘ಹಾಗಾದರೆ ಗೋಡೆ ಕಟ್ಟುವ ಗಾರೆಗೆ ಸಿಮೆಂಟು ಎಷ್ಟು, ಮರಳು ಎಷ್ಟು?’ ಎಂದೆ. ‘ಒಂದಕ್ಕೆ ಆರು, ಪ್ಲಾಸ್ಟರಿಗಾದರೆ ಒಂದಕ್ಕೆ ನಾಲ್ಕು’ ಎಂದು ಯೋಚಿಸದೆ ಹೇಳಿದಳು. ತಾರಸಿ ಹಾಕಿದ ಮರುದಿನ ಸುತ್ತ ಕಟ್ಟೆ ಕಟ್ಟಿ ನೀರು ನಿಲ್ಲಿಸುವುದನ್ನೂ, ಗೋಡೆಗೆ ಎರಡು ಹೊತ್ತು ನೀರು ಹೊಡೆಯದಿದ್ದರೆ ಏನಾಗುತ್ತದೆಂಬುದನ್ನೂ ಕೇಳದೆಯೇ ವಿವರಿಸಿದಳು. ನಮ್ಮ ಸಿವಿಲ್ ವಿಭಾಗದವರು ಬೋರ್ಡಿನ ಮೇಲೆ ಬರೆದು ಕಲಿಸುವುದನ್ನು ಈಕೆ ಬಿಸಿಲಿನಲ್ಲಿ ನಿಂತು ಕಲಿತಿದ್ದಳು. ಆ ಕೆಲಸಕ್ಕೂ ಈ ಕೋರ್ಸಿಗೂ ನಂಟಿದೆ ಎಂದು ಹತ್ತು ವರ್ಷದ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

ಸೇರಿದಳೇ ಎಂದು ಕೇಳುತ್ತೀಯ. ಇಲ್ಲ. ತನ್ನ ಬಿಸಿಲು ಮಗಳಿಗೆ ಬೇಡ ಎಂಬುದು ತಂದೆಯ ಹಟ, ಅದರಲ್ಲಿ ತಪ್ಪೇನೂ ಇಲ್ಲ. ಮೂರು ವರ್ಷದ ಡಿಪ್ಲೊಮಾ ಮುಗಿಸಿದವಳು ಲೋಕೋಪಯೋಗಿ ಇಲಾಖೆಯ ಕಿರಿಯ ಎಂಜಿನಿಯರ್ ಹುದ್ದೆಗೆ ಅರ್ಜಿ ಹಾಕಬಹುದು, ಆಕೆ ಗಾರೆ ಕಲಸುವವಳಲ್ಲ, ಗಾರೆ ಸರಿಯಿದೆಯೇ ಎಂದು ನೋಡಿ ಸಹಿ ಹಾಕುವವಳು ಎಂದು ಐದು ನಿಮಿಷದಲ್ಲಿ ನಂಬಿಸುವುದು ಸಾಧ್ಯವೇ? ಹಿಂದೆ ಸಾಲು ನಿಂತಿತ್ತು. ಆ ಐದು ನಿಮಿಷ ಸಾಲದಾದದ್ದು ಎರಡು ವರ್ಷ ತಡವಾಗಿ ಬಂದದ್ದರಿಂದ. ಎಂಟನೇ ತರಗತಿಯಲ್ಲಿ ಯಾರಾದರೂ ಆ ತಂದೆಯನ್ನೇ ಶಾಲೆಗೆ ಕರೆದು ಮಾತಾಡಿಸಿದ್ದರೆ ಚಿತ್ರ ಬೇರೆಯಾಗುತ್ತಿತ್ತು.

ಆದ್ದರಿಂದ ನನ್ನನ್ನು ಕರೆಯುವುದಾದರೆ ಎಂಟನೆಯವರಿಗೆ ಕರೆ. ಅದಕ್ಕೂ ಮೊದಲು ನೀನೇ ಒಂದು ಕೆಲಸ ಮಾಡು. ನಿನ್ನ ಶಾಲೆಯ ಪಕ್ಕದಲ್ಲೇ ಹಾಲಿನ ಡೇರಿ ಇದೆಯಲ್ಲ. ಒಂದು ನಂದಿನಿ ಪ್ಯಾಕೆಟ್ಟನ್ನು ಮೇಜಿನ ಮೇಲಿಟ್ಟು, ಇದು ಹಸುವಿನ ಕೆಚ್ಚಲಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಯಾರ ಯಾರ ಕೈ ದಾಟಿದೆ ಬರೆಯಿರಿ ಎನ್ನು. ಮೊದಲು ಹಾಲು ಕರೆಯುವವರು, ಡೇರಿ ಕಾರ್ಯದರ್ಶಿ, ಟ್ಯಾಂಕರ್ ಚಾಲಕ ಎಂದು ಬರೆದು ಸುಮ್ಮನಾಗುತ್ತಾರೆ. ಆಮೇಲೆ ಕೆದಕು. ಫ್ಯಾಟ್ ನೋಡುವವರು ಯಾರು? ಹಸು ಕಟ್ಟಿಸಲು, ಅಂದರೆ ಕೃತಕ ಗರ್ಭಧಾರಣೆಗೆ ಬರುವವರು ಯಾರು? ಶೀತಲೀಕರಣದ ಯಂತ್ರ ಕೆಟ್ಟರೆ ರಿಪೇರಿಗೆ ಯಾರು? ಒಕ್ಕೂಟದ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡುವವರು? ರೈತರ ಖಾತೆಗೆ ಬಟವಾಡೆ ಲೆಕ್ಕ ಹಾಕುವವರು? ಪ್ಯಾಕೆಟ್ಟಿನ ಮೇಲಿನ ಚಿತ್ರ ಬರೆದವರು? ಕಪ್ಪು ಹಲಗೆ ತುಂಬುತ್ತದೆ. ಆಗ ಒಂದೊಂದರ ಎದುರಿಗೂ ಅದಕ್ಕೇನು ಓದಬೇಕೆಂದು ಬರೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷದ ಪಶುಸಂಗೋಪನೆ ಡಿಪ್ಲೊಮಾ ಇದೆ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದು. ಅದೇ ವಿಶ್ವವಿದ್ಯಾಲಯದ ಹೈನುವಿಜ್ಞಾನ ಕಾಲೇಜು ಬೆಂಗಳೂರಿನ ಹೆಬ್ಬಾಳದಲ್ಲಿದೆ. ಶೀತಲ ಯಂತ್ರಕ್ಕೆ ಐಟಿಐನಲ್ಲಿ ರೆಫ್ರಿಜರೇಷನ್ ಟ್ರೇಡ್. ಲೆಕ್ಕಕ್ಕೆ ಬಿ.ಕಾಂ. ಡಾಕ್ಟರು, ಎಂಜಿನಿಯರು, ಪೊಲೀಸು, ಟೀಚರು, ಐಎಎಸ್ ಎಂಬ ಐದು ಪದಗಳ ಆಚೆಗೆ ಬೆಳೆಯದ ಅವರ ಪಟ್ಟಿ ಒಂದೇ ಪೀರಿಯಡ್‌ನಲ್ಲಿ ಎಷ್ಟು ಉದ್ದವಾಗುತ್ತದೆ ನೋಡು.

ಸಂಭ್ರಮ ಶನಿವಾರ ಎಂದು ಬ್ಯಾಗಿಲ್ಲದ ದಿನ ಕೊಟ್ಟಿದ್ದಾರಲ್ಲ, ಆ ದಿನ ಲೈನ್‌ಮನ್‌ನನ್ನು, ಆಶಾ ಕಾರ್ಯಕರ್ತೆಯನ್ನು, ಮೋಟರ್ ವೈಂಡಿಂಗ್ ಮಾಡುವವನನ್ನು ಕರೆಸು. ಭಾಷಣ ಬೇಡ, ಮಕ್ಕಳೇ ಪ್ರಶ್ನೆ ಕೇಳಲಿ. ಸಂಬಳ ಎಷ್ಟು ಎಂದೂ ಕೇಳಲಿ, ನಾಚಿಕೆ ಯಾಕೆ? ಈ ಕೆಲಸದಲ್ಲಿ ನಿಮಗೆ ಬೇಸರ ತರುವುದು ಯಾವುದು ಎಂದು ಕೇಳಿದರಂತೂ ಒಳ್ಳೆಯದು. ಬರಿಯ ಯಶಸ್ಸಿನ ಕಥೆ ಕೇಳಿಸಿದರೆ ಮಕ್ಕಳು ಚಪ್ಪಾಳೆ ತಟ್ಟಿ ಮರೆಯುತ್ತಾರೆ.

ಶಾಲೆಯಲ್ಲಿ ಇದಕ್ಕೊಬ್ಬ ತರಬೇತಾದ ಶಿಕ್ಷಕ ಬೇಕೆಂಬುದು ನನ್ನ ಹೊಸ ಸಂಶೋಧನೆಯೇನಲ್ಲ. ಪ್ರೌಢಶಿಕ್ಷಣ ಕುರಿತ 1952–53ರ ಮುದಲಿಯಾರ್ ಆಯೋಗವೇ ಮಾರ್ಗದರ್ಶನ ಅಧಿಕಾರಿಗಳು ಬೇಕೆಂದು ಬರೆದಿತ್ತು, ಆಮೇಲಿನ ಕೊಠಾರಿ ಶಿಕ್ಷಣ ಆಯೋಗವೂ ಅದನ್ನೇ ಹೇಳಿತು. ನಮ್ಮ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲೇ ಎನ್‌ಸಿಇಆರ್‌ಟಿಯ ಮಾರ್ಗದರ್ಶನ ಮತ್ತು ಆಪ್ತಸಮಾಲೋಚನೆಯ ಡಿಪ್ಲೊಮಾ ಇದೆ, ಶಿಕ್ಷಕರಿಗೂ ತೆರೆದಿದೆ. ಪಕ್ಕದ ತಮಿಳುನಾಡು 2022ರಲ್ಲಿ ‘ನಾನ್ ಮುದಲ್ವನ್’ ಎಂಬ ವೃತ್ತಿ ಮಾರ್ಗದರ್ಶನದ ಯೋಜನೆಯನ್ನೇ ತಂದಿತು. ನಿನ್ನ ಶಾಲೆಯಲ್ಲಿ ಗಣಿತದ ಮೇಷ್ಟ್ರೇ ಬಿಸಿಯೂಟದ ಲೆಕ್ಕವನ್ನೂ ನೋಡುತ್ತಾರೆಂಬುದು ಗೊತ್ತು, ಹೊಸ ಹುದ್ದೆಗೆ ಕಾಯುತ್ತ ಕೂರಬೇಡ.

ಹತ್ತನೆಯವರಿಗೆ ಹೇಳಬೇಕಾದದ್ದೂ ಇದೆ, ಆದರೆ ಅದು ಫಲಿತಾಂಶದ ನಂತರದ್ದಲ್ಲ, ನವೆಂಬರ್ ತಿಂಗಳದ್ದು. ಯಾವ ಕೋರ್ಸು ಶ್ರೇಷ್ಠ ಎಂದು ಹೇಳಲು ಹೋಗಬೇಡ. ಯಾವ ಬಾಗಿಲು ಯಾವಾಗ ಮುಚ್ಚುತ್ತದೆ ಎಂಬುದನ್ನು ಹೇಳು. ಪಿಯುಸಿಯಲ್ಲಿ ಪಿಸಿಎಂಸಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಕಂಪ್ಯೂಟರ್) ತೆಗೆದುಕೊಂಡವನಿಗೆ ಜೀವಶಾಸ್ತ್ರವಿಲ್ಲ, ಪಿಸಿಎಂಬಿ (ಕಂಪ್ಯೂಟರ್ ಬದಲು ಜೀವಶಾಸ್ತ್ರ) ತೆಗೆದುಕೊಂಡವಳಿಗೆ ಎಂಜಿನಿಯರಿಂಗೂ ವೈದ್ಯಕೀಯವೂ ಕೃಷಿಯೂ ತೆರೆದಿರುತ್ತವೆ. ಬಿ.ಎಸ್ಸಿ ಕೃಷಿಗೆ ರೈತರ ಮಕ್ಕಳ ಕೋಟಾ ಇದೆ, ಪ್ರಾಯೋಗಿಕ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಉಪಕರಣ ಗುರುತಿಸುವುದು ನಿನ್ನ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಕಲಾ ವಿಭಾಗ ಸೇರಿದ ರೈತನ ಮಗನಿಗೆ ಆ ಕೋಟಾ ಇದ್ದೂ ಇಲ್ಲ. ಹಾಗೆಂದು ಕಲಾ ವಿಭಾಗವನ್ನು ಕೀಳಾಗಿ ಕಾಣಬೇಡ. ವಕೀಲಿ ಓದಲು, ಕೆಎಎಸ್ ಬರೆಯಲು, ಮೇಷ್ಟ್ರಾಗಲು ಅದು ಒಳ್ಳೆಯ ದಾರಿ. ಚರಿತ್ರೆಯನ್ನು ಕಥೆಯಂತೆ ಹೇಳಬಲ್ಲ ಹುಡುಗಿಯನ್ನು ಅಂಕ ಚೆನ್ನಾಗಿದೆ ಎಂಬ ಒಂದೇ ತಪ್ಪಿಗೆ ಭೌತಶಾಸ್ತ್ರಕ್ಕೆ ದೂಡುವುದನ್ನು ನಾನು ಪ್ರತಿವರ್ಷ ನೋಡುತ್ತೇನೆ.

ಪಾಲಿಟೆಕ್ನಿಕ್‌ನವನಾದ್ದರಿಂದ ಒಂದು ಲೆಕ್ಕ ಹೇಳಲೇಬೇಕು, ಪಕ್ಷಪಾತ ಎಂದುಕೊಂಡರೂ ಸರಿ. ಪಿಯುಸಿ ಎರಡು ವರ್ಷ, ಬಿ.ಇ ನಾಲ್ಕು ವರ್ಷ, ಒಟ್ಟು ಆರು. ಡಿಪ್ಲೊಮಾ ಮೂರು ವರ್ಷ, ಆಮೇಲೆ ಡಿಪ್ಲೊಮಾದವರ ಪ್ರವೇಶ ಪರೀಕ್ಷೆಯಾದ ಡಿಸಿಇಟಿ ಬರೆದು ನೇರವಾಗಿ ಬಿ.ಇ ಎರಡನೇ ವರ್ಷ, ಅಲ್ಲಿ ಮೂರು, ಒಟ್ಟು ಅದೇ ಆರು. ಎರಡು ವರ್ಷದ ಐಟಿಐ ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಿ ಅಲ್ಲಿಂದ ಬಿ.ಇಗೆ ಹೋದರೆ ಏಳು. ಒಂದು ವರ್ಷ ಹೆಚ್ಚು, ಆದರೆ ಮನೆಯಲ್ಲಿ ಏನಾದರೂ ಹೆಚ್ಚುಕಡಿಮೆಯಾಗಿ ಓದು ನಡುವೆ ನಿಂತರೂ ಕೈಯಲ್ಲೊಂದು ಪ್ರಮಾಣಪತ್ರ ಇರುತ್ತದೆ. ಪಿಯುಸಿ ಮಾಡಿ ನಿಂತವನ ಕೈಯಲ್ಲಿ ಏನಿರುತ್ತದೆ? ಯಂತ್ರದ ಕೆಲಸದಲ್ಲಿ ಕೈ ಓಡುವ ಮಕ್ಕಳಿಗೆ ಜಿಟಿಟಿಸಿ ಎಂಬ ಹೆಸರು ಹೇಳು. 1972ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಅದು. ಅಲ್ಲಿನ ಟೂಲ್ ಅಂಡ್ ಡೈ (ಉಪಕರಣ, ಅಚ್ಚು ತಯಾರಿಕೆ) ಡಿಪ್ಲೊಮಾ ನಾಲ್ಕು ವರ್ಷ, ಕೊನೆಯ ವರ್ಷ ಕಾರ್ಖಾನೆಯಲ್ಲೇ ತರಬೇತಿ. ಬಿಡದಿಯ ಟೊಯೋಟಾ ತರಬೇತಿ ಶಾಲೆ 2007ರಿಂದ ಬಡ ಮನೆಯ ಹಳ್ಳಿ ಮಕ್ಕಳನ್ನು ಹತ್ತನೇ ತರಗತಿಯ ನಂತರ ತೆಗೆದುಕೊಂಡು ಅಲ್ಲೇ ಇರಿಸಿಕೊಂಡು ಕಲಿಸುತ್ತಿದೆ. ಅದಕ್ಕೆ ಅರ್ಜಿ ಯಾವಾಗ ಕರೆಯುತ್ತಾರೆಂದು ನೋಡಿಕೊಳ್ಳುವ ಹೊಣೆಯನ್ನು ಒಬ್ಬ ಶಿಕ್ಷಕರಿಗೆ ವಹಿಸು.

ಇನ್ನು ಕಾಗದಪತ್ರ. ನಗಬೇಡ, ನನ್ನ ದೃಷ್ಟಿಯಲ್ಲಿ ಅರ್ಧ ಮಾರ್ಗದರ್ಶನ ಇದೇ. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಶೇ. 15 ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5. ಎರಡಕ್ಕೂ ಮುಖ್ಯ ಶಿಕ್ಷಕನಾದ ನಿನ್ನ ಸಹಿ ಬೇಕು, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಜಾತಿ, ಆದಾಯದ ಪತ್ರ ನಾಡಕಚೇರಿಯಲ್ಲಿ ಆಗಬೇಕು, ಅರ್ಜಿಯಲ್ಲಿ ಆ ಪತ್ರದ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಕೇಳುತ್ತಾರೆ. ಶಾಲೆಯ ದಾಖಲೆಯಲ್ಲಿ ಇನಿಷಿಯಲ್ ಒಂದು, ಆಧಾರ್‌ನಲ್ಲಿ ಇನ್ನೊಂದು ಎಂದಾದರೆ ಆ ತಿದ್ದುಪಡಿಗೆ ಅಲೆಯುವಷ್ಟರಲ್ಲಿ ಸೀಟು ಹಂಚಿಕೆ ಮುಗಿದಿರುತ್ತದೆ. ನಾನು ಪ್ರವೇಶದ ಮೇಜಿನಲ್ಲಿ ಕಾಣುವ ಕಣ್ಣೀರಿನಲ್ಲಿ ಹೆಚ್ಚಿನದು ಅಂಕದ್ದಲ್ಲ, ಇದರದ್ದು. ಒಂಬತ್ತನೇ ತರಗತಿಯಲ್ಲೇ ಎಲ್ಲ ಮಕ್ಕಳ ಹೆಸರು ಹೋಲಿಸಿ ನೋಡಿಬಿಡು. ಎಂಟನೆಯವರಿಂದ ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆ ಬರೆಸು. ಗೆದ್ದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ, ಓದು ಬಿಡಿಸೋಣ ಎನ್ನುವ ಅಪ್ಪನ ಬಾಯಿ ಕಟ್ಟಲು ಅಷ್ಟು ಸಾಕು. ಹಿಂದುಳಿದ ವರ್ಗದ ಮಕ್ಕಳಿಗೆ ಹಾಸ್ಟೆಲ್ ಸಿಗದಿದ್ದರೆ ವಿದ್ಯಾಸಿರಿ ಇದೆ, ಊಟ ವಸತಿಗೆಂದು ವರ್ಷದಲ್ಲಿ ಹತ್ತು ತಿಂಗಳು ಹಣ ಕೊಡುತ್ತಾರೆ. ನಿನ್ನ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಸಮಿತಿ) ಸದಸ್ಯರಲ್ಲಿ ಎಷ್ಟು ಜನಕ್ಕೆ ಇದು ಗೊತ್ತು, ಕೇಳಿ ನೋಡು.

ಕೊನೆಗೆ, ನೀನು ಆಮಂತ್ರಣದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಬರೆದ ಆ ಹುಡುಗನ ವಿಷಯ. ಗಣಿತದಲ್ಲಿ ಹೋಗಿದೆ, ಗ್ರಿಲ್ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಾನೆ, ಏನು ಮಾಡಲಿ ಎಂದು ಕೇಳಿದ್ದೀಯ. ಕೆಲಸ ಬಿಡಿಸಬೇಡ, ಅವನಿಗೆ ಅದು ಇಷ್ಟವಿದೆ ಎಂದು ನೀನೇ ಬರೆದಿದ್ದೀಯ. ಆದರೆ ಗಣಿತ ಬರೆಸು. ಮುಂದಿನ ಮಾರ್ಚ್‌ವರೆಗೆ ಕಾಯಬೇಕಿಲ್ಲ, ಎರಡನೇ ಪರೀಕ್ಷೆ ಹತ್ತಿರದಲ್ಲೇ ಇದೆ. ಪಾಸಾಗದಿದ್ದರೂ ಐಟಿಐನಲ್ಲಿ ವೆಲ್ಡರ್ ಟ್ರೇಡಿಗೆ ಎಂಟನೇ ತರಗತಿ ಸಾಕು, ಒಂದು ವರ್ಷದ ಕೋರ್ಸು, ಸರ್ಕಾರಿ ಐಟಿಐ ಶುಲ್ಕ ಅವನಪ್ಪನಿಗೆ ಭಾರವಾಗಲಾರದು. ಆದರೂ ಹತ್ತನೇ ತರಗತಿ ಯಾಕೆ ಬೇಕು ಎಂದರೆ, ನಾಳೆ ಹುಬ್ಬಳ್ಳಿಯ ರೈಲ್ವೆ ಕಾರ್ಯಾಗಾರದಲ್ಲಿ ಅಪ್ರೆಂಟಿಸ್ ಕರೆದರೆ ಐಟಿಐ ಜೊತೆಗೆ ಎಸ್ಸೆಸ್ಸೆಲ್ಸಿ ಅಂಕವನ್ನೂ ಕೇಳುತ್ತಾರೆ. ಇದನ್ನು ಅವನಿಗೆ ಹೇಳುವಾಗ ಅಂಗಡಿಯ ಮಾಲೀಕರನ್ನೂ ಪಕ್ಕದಲ್ಲಿ ಕೂರಿಸಿಕೋ, ಸಂಜೆ ಎರಡು ಗಂಟೆ ಬಿಡುವು ಕೊಡಲು ಅವರೂ ಒಪ್ಪಬೇಕಲ್ಲ. ನೋಂದಣಿಗೆ ಹೆಚ್ಚು ದಿನ ಕೊಡುವುದಿಲ್ಲ, ಪತ್ರ ಮಡಿಚಿಡುವ ಮೊದಲು ಅವನಪ್ಪನಿಗೆ ಫೋನ್ ಮಾಡು.

ಅತ್ತಿಗೆಯವರಿಗೆ ನನ್ನ ನಮಸ್ಕಾರ.

ಇಂತಿ ನಿನ್ನ,
ಹಳೆಯ ಬೆಂಚಿನ ಗೆಳೆಯ