ಆ ಯಂತ್ರಗಳು ಹೇಳಿದ್ದಿಷ್ಟೇ, ಉಳಿದದ್ದು ನಾವು ಸೇರಿಸಿದ್ದು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಬಂದ ‘ಜಾಗತಿಕ ಪ್ರಜ್ಞೆ’ ಕುರಿತ ಲೇಖನ ಓದಿದೆ. ಕೋಟ್ಯಂತರ ಜನರ ಮನಸ್ಸು ಒಂದೇ ಕಡೆ ನೆಟ್ಟಾಗ ಯಂತ್ರಗಳು ಹೊರಹಾಕುವ ಯಾದೃಚ್ಛಿಕ (ಯಾವ ಕ್ರಮವೂ ಇಲ್ಲದ) ಸಂಖ್ಯೆಗಳಲ್ಲೂ ಒಂದು ಹೊಂದಾಣಿಕೆ ಮೂಡುತ್ತದೆ, ಅದು ಆಕಸ್ಮಿಕವಾಗಿರುವ ಸಾಧ್ಯತೆ ಲಕ್ಷ ಕೋಟಿಗೆ ಒಂದು, ಹೀಗಾಗಿ ಸಾಮೂಹಿಕ ಪ್ರಾರ್ಥನೆಯ ಶಕ್ತಿ ವೈಜ್ಞಾನಿಕವಾಗಿ ಸಾಬೀತಾಗಿದೆ ಎಂದು ಅದರಲ್ಲಿ ಬರೆದಿದ್ದರು. ಪದವಿ ತರಗತಿಗಳಿಗೆ ಸಂಖ್ಯಾಶಾಸ್ತ್ರ ಕಲಿಸುವ ನಾನು ಈ ಪ್ರಯೋಗವನ್ನು ಬಹಳ ಕಾಲದಿಂದ ಆಸಕ್ತಿಯಿಂದ ಗಮನಿಸಿದ್ದೇನೆ. ಲಕ್ಷ ಕೋಟಿಯ ಲೆಕ್ಕ ಸುಳ್ಳಲ್ಲ. ಆದರೆ ಆ ಲೆಕ್ಕ ಏನನ್ನು ಹೇಳುತ್ತದೆ ಎಂಬುದನ್ನು ಲೇಖನ ಓದುಗರಿಗೆ ತಿಳಿಸಲಿಲ್ಲ.

ಈ ಪ್ರಯೋಗ ಶುರುವಾದದ್ದು 1998ರ ಆಗಸ್ಟ್‌ನಲ್ಲಿ. ನಡೆಸಿದವರು ರೋಜರ್ ನೆಲ್ಸನ್. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಡೀನ್ ಆಗಿದ್ದ ರಾಬರ್ಟ್ ಜಾನ್ 1979ರಲ್ಲಿ ತೆರೆದ ಪ್ರಯೋಗಾಲಯದಲ್ಲಿ ಅವರು ಕೆಲಸ ಮಾಡುತ್ತಿದ್ದರು. ಅಲ್ಲಿ ಯಂತ್ರದ ಮುಂದೆ ಒಬ್ಬರನ್ನು ಕೂರಿಸಿ, ಮನಸ್ಸಿನಿಂದಲೇ ಸಂಖ್ಯೆಗಳನ್ನು ಏರಿಸಲು ಇಳಿಸಲು ಸಾಧ್ಯವೇ ಎಂದು ನೋಡುತ್ತಿದ್ದರು. ಜರ್ಮನಿಯ ಫ್ರೈಬುರ್ಗ್ ಮತ್ತು ಗೀಸನ್‌ನ ತಂಡಗಳ ಜತೆ ಸೇರಿ ಅದನ್ನೇ ಮತ್ತೆ ಮಾಡಿದಾಗ ನಿರೀಕ್ಷಿಸಿದ ಮುಖ್ಯ ಪರಿಣಾಮ ಕಾಣಿಸಲಿಲ್ಲ ಎಂದು 2000ದಲ್ಲಿ ಆ ತಂಡಗಳವರೇ ಪ್ರಕಟಿಸಿದರು. ಆ ಪ್ರಯೋಗಾಲಯ 2007ರಲ್ಲಿ ಮುಚ್ಚಿತು. ನೆಲ್ಸನ್ ಅವರ ಜಾಗತಿಕ ಪ್ರಯೋಗ ಮುಂದುವರಿಯಿತು.

ಯಂತ್ರ ಮಾಡುವ ಕೆಲಸ ಸರಳ. ಎಲೆಕ್ಟ್ರಾನಿಕ್ ಬಿಡಿಭಾಗದೊಳಗಿನ ಗದ್ದಲವನ್ನು ಸೊನ್ನೆ ಮತ್ತು ಒಂದುಗಳಾಗಿ ಬದಲಿಸಿ, ಪ್ರತಿ ಸೆಕೆಂಡಿಗೆ ಅಂಥ 200 ಅಂಕಿಗಳನ್ನು (ಬಿಟ್‌ಗಳನ್ನು) ಕೂಡುತ್ತದೆ. ಸೆಕೆಂಡಿಗೆ 200 ನಾಣ್ಯ ಚಿಮ್ಮಿ ರಾಜನ ಮುಖ ಎಷ್ಟು ಸಲ ಬಿತ್ತು ಎಂದು ಎಣಿಸಿದ ಹಾಗೆ. ಸರಾಸರಿ 100 ಬರಬೇಕು. ಸಾಮಾನ್ಯವಾಗಿ ಏಳೆಂಟು ಆಚೀಚೆ ಆಗುತ್ತದೆ. ಇಂಥ ಅರವತ್ತಕ್ಕೂ ಹೆಚ್ಚು ಯಂತ್ರಗಳು ಬೇರೆ ಬೇರೆ ದೇಶಗಳಿಂದ ಪ್ರಿನ್ಸ್‌ಟನ್‌ನ ಕಂಪ್ಯೂಟರಿಗೆ ಸಂಖ್ಯೆ ಕಳಿಸುತ್ತಿದ್ದವು. ವಿದ್ಯುತ್ತಿನ ಏರಿಳಿತವೋ ಮೊಬೈಲ್ ಬಳಕೆಯ ದಟ್ಟಣೆಯೋ ಸರಾಸರಿಯನ್ನು ಕೆಡಿಸಿರಬಹುದು ಎಂದು ಕೆಲವರು ಸಲೀಸಾಗಿ ತಳ್ಳಿಹಾಕುತ್ತಾರೆ. ಅದು ನ್ಯಾಯವಲ್ಲ. ಅರ್ಧದಷ್ಟು ಬಿಟ್‌ಗಳನ್ನು ಕ್ರಮವಾಗಿ ತಿರುವುಮುರುವು ಮಾಡಿ, ಅಂಥ ವಾಲಿಕೆ ತಾನಾಗಿಯೇ ಕಳೆದುಹೋಗುವಂತೆ ಅವರು ಮೊದಲೇ ವ್ಯವಸ್ಥೆ ಮಾಡಿದ್ದರು.

ಪ್ರಶ್ನೆ ಇರುವುದು ಯಾವ ಘಟನೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಎಂಬಲ್ಲಿ. 1998ರಿಂದ 2015ರವರೆಗೆ 500 ಘಟನೆಗಳನ್ನು ಆರಿಸಿದರು. ಭಯೋತ್ಪಾದಕ ದಾಳಿ, ಭೂಕಂಪ, ಹೊಸ ವರ್ಷದ ಸಂಭ್ರಮ, ಸಾಮೂಹಿಕ ಧ್ಯಾನ ಎಲ್ಲವೂ ಅದರಲ್ಲಿವೆ. ಪ್ರತಿ ಘಟನೆಗೂ ಕಾಲಾವಧಿಯನ್ನು ಅಂಕಿಅಂಶ ನೋಡುವ ಮೊದಲೇ ಗೊತ್ತುಮಾಡಿ, ಆ ಅವಧಿಯಲ್ಲಿ ಯಂತ್ರಗಳು ಒಟ್ಟಾಗಿ ಒಂದೇ ಕಡೆ ವಾಲಿದವೇ ಎಂದು ಪರೀಕ್ಷಿಸಿದರು. ಒಂದೊಂದು ಘಟನೆಯಲ್ಲಿ ಸಿಕ್ಕ ವಾಲಿಕೆ, ಸರಾಸರಿ ತೆಗೆದರೆ, ಒಂದು ಪ್ರಮಾಣಿತ ವಿಚಲನೆಯ (ಆಕಸ್ಮಿಕವಾಗಿ ಸಾಮಾನ್ಯವಾಗಿ ಆಗುವ ಏರಿಳಿತದ ಅಳತೆ) ಮೂರನೇ ಒಂದು ಭಾಗ ಮಾತ್ರ. 500 ಸೇರಿಸಿದಾಗ ಅದು ಏಳು ಪ್ರಮಾಣಿತ ವಿಚಲನೆಗಳನ್ನು ದಾಟುತ್ತದೆ. ಲಕ್ಷ ಕೋಟಿಗೆ ಒಂದು ಎಂಬ ಮಾತು ಹುಟ್ಟಿದ್ದು ಇಲ್ಲಿ. ಪರಿಣಾಮ ನಿಜವೆಂದೇ ಇಟ್ಟುಕೊಳ್ಳಿ: ಆಗಲೂ 100 ಘಟನೆಗಳಲ್ಲಿ ಸುಮಾರು 37 ಉಲ್ಟಾ ದಿಕ್ಕಿಗೇ ಹೋಗಬೇಕು. ಅಂದಮೇಲೆ ಯಾವುದೇ ಒಂದು ಘಟನೆಯ ನಕ್ಷೆ ತೋರಿಸಿ ‘ನೋಡಿ, ಪ್ರಪಂಚ ಮಿಡಿಯಿತು’ ಎನ್ನುವಂತಿಲ್ಲ. ಒಂದೇ ಘಟನೆಯಿಂದ ತೀರ್ಮಾನಕ್ಕೆ ಬರಬಾರದೆಂದು ನೆಲ್ಸನ್ ಅವರ ತಂಡವೇ ಹೇಳುತ್ತದೆ.

ನಿಮ್ಮ ಲೇಖನ ತೋರಿಸಿದ್ದು ಅಂಥ ಒಂದೇ ನಕ್ಷೆ, 2001ರ ಸೆಪ್ಟೆಂಬರ್ 11ರದ್ದು. ಅಂದು ಮೊದಲೇ ಗೊತ್ತುಮಾಡಿದ ಅವಧಿಯಲ್ಲಿ ಸಿಕ್ಕ ಫಲಿತಾಂಶ ಆಕಸ್ಮಿಕವಾಗಿ ಬರುವ ಸಾಧ್ಯತೆ ನೂರಕ್ಕೆ ಸುಮಾರು ಮೂರು. ಅತೀಂದ್ರಿಯ ಸಂಶೋಧನೆಯಲ್ಲೇ ತೊಡಗಿದ್ದ ಎಡ್ವಿನ್ ಮೇ ಮತ್ತು ಜೇಮ್ಸ್ ಸ್ಪಾಟಿಸ್‌ವುಡ್ ಅದೇ ಅಂಕಿಗಳನ್ನು ಮತ್ತೆ ಪರಿಶೀಲಿಸಿ, ಅವಧಿಯನ್ನು ಬೇರೆ ರೀತಿ ಹಿಡಿದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ ಎಂದು ತೋರಿಸಿದರು. ವಿಮಾನ ಅಪ್ಪಳಿಸುವ ಗಂಟೆಗಳ ಮೊದಲೇ ಯಂತ್ರಗಳಿಗೆ ಸುಳಿವು ಸಿಕ್ಕಿತ್ತು ಎಂಬುದಂತೂ ಅಂಕಿಗಳನ್ನು ನೋಡಿದ ಮೇಲೆ ಹುಡುಕಿ ತೆಗೆದ ಮಾತು. ನಾಣ್ಯ ಚಿಮ್ಮಿ ಬರೆದಿಟ್ಟ ಉದ್ದನೆಯ ಪಟ್ಟಿಯನ್ನು ನನ್ನ ವಿದ್ಯಾರ್ಥಿಗಳ ಕೈಗೆ ಕೊಟ್ಟು ‘ವಿಶೇಷ ಕಾಣುವ ಜಾಗ ಗುರುತಿಸಿ’ ಎಂದರೆ, ಪ್ರತಿ ಬೆಂಚಿನವರೂ ಒಂದೊಂದು ಜಾಗ ಗುರುತಿಸುತ್ತಾರೆ, ಪ್ರತಿಯೊಂದಕ್ಕೂ ಒಂದು ಕಾರಣ ಕೊಡುತ್ತಾರೆ.

ಇನ್ನೊಂದು ಸಂಗತಿ ಕೋಲ್ಕತ್ತಕ್ಕೆ ಸೇರಿದ್ದು. ಈ ಯೋಜನೆ ಶುರುವಾಗುವ ಮುನ್ನ, 1997ರ ಸೆಪ್ಟೆಂಬರ್‌ನಲ್ಲಿ, ಒಂದೇ ವಾರದ ಅಂತರದಲ್ಲಿ ರಾಜಕುಮಾರಿ ಡಯಾನಾ ಮತ್ತು ಮದರ್ ತೆರೇಸಾ ಅವರ ಅಂತ್ಯಕ್ರಿಯೆಗಳು ನಡೆದವು. ಎರಡೂ ಹೊತ್ತಿನಲ್ಲಿ ನೆಲ್ಸನ್ ಮತ್ತು ಸಂಗಡಿಗರು ಇಂಥ ಯಂತ್ರಗಳಿಂದ ಸಂಖ್ಯೆ ಸಂಗ್ರಹಿಸಿದ್ದರು. ಡಯಾನಾ ಅಂತ್ಯಕ್ರಿಯೆಯ ಹೊತ್ತಿನಲ್ಲಿ ಗಮನಾರ್ಹ ವಾಲಿಕೆ ಕಂಡಿತು, ಮದರ್ ಅವರದರಲ್ಲಿ ಕಾಣಲಿಲ್ಲ. ಡಯಾನಾ ಅವರದು ಅನಿರೀಕ್ಷಿತ ಸಾವು, ಮದರ್ ಅವರದು ತುಂಬು ವಯಸ್ಸಿನದು ಎಂದು ಸಮಜಾಯಿಷಿ ಕೊಡಬಹುದು. ಫಲಿತಾಂಶ ಉಲ್ಟಾ ಆಗಿದ್ದರೆ ಅದಕ್ಕೂ ಅಷ್ಟೇ ಚೆಂದದ ಸಮಜಾಯಿಷಿ ಸಿಗುತ್ತಿತ್ತು. ಹೇಗೆ ಬಂದರೂ ಒಪ್ಪಿಸಿಬಿಡಬಹುದಾದ ಊಹೆಯನ್ನು ಪರೀಕ್ಷೆಗೆ ಒಡ್ಡುವುದು ಹೇಗೆ?

ಇಷ್ಟೆಲ್ಲ ಹೇಳಿದ ಮೇಲೂ ನೆಲ್ಸನ್ ಅವರ ಬಗ್ಗೆ ನನಗೆ ಗೌರವವಿದೆ. ಒಂದೊಂದು ಸೆಕೆಂಡಿನ ಅಂಕಿಯನ್ನೂ ಯಾರು ಬೇಕಾದರೂ ನೋಡುವಂತೆ ಅವರು ತೆರೆದಿಟ್ಟರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದಾಗ ಕೇಳಿದ್ದೂ ಅಂಥ ಅವಕಾಶವನ್ನೇ. ಅವರಿಗೆ ಅದು ಸಿಗಲಿಲ್ಲ, ಇಲ್ಲಿ ಕೇಳುವ ಮೊದಲೇ ಸಿಕ್ಕಿದೆ. ಅಂಕಿಗಳು ತೆರೆದಿದ್ದರಿಂದಲೇ ಅತಿ ಗಟ್ಟಿ ಪ್ರಶ್ನೆ ಒಳಗಿನಿಂದ ಬಂತು. ವರ್ಷಗಟ್ಟಲೆ ಅದೇ ಯೋಜನೆಯಲ್ಲಿ ದುಡಿದ ಭೌತವಿಜ್ಞಾನಿ ಪೀಟರ್ ಬಾನ್ಸೆಲ್ 17 ವರ್ಷಗಳ ಅಂಕಿಗಳನ್ನು ಜಾಲಾಡಿ 2017ರಲ್ಲಿ ಬರೆದದ್ದು ಇದು: ಜಾಗತಿಕ ಪ್ರಜ್ಞೆ ಎಂಬ ವಿವರಣೆಗೆ ಈ ಅಂಕಿಗಳು ಬೆಂಬಲ ಕೊಡುವುದಿಲ್ಲ. ಇಲ್ಲಿರುವ ಅಸಹಜತೆ ಪ್ರಪಂಚದ ಜನರಿಗಿಂತ ಹೆಚ್ಚಾಗಿ ಪ್ರಯೋಗ ಮಾಡುವವರ ಗುರಿಗೆ, ಅವರ ಆಯ್ಕೆಗೆ ಅಂಟಿಕೊಂಡಂತಿದೆ. ಆ ಅಸಹಜತೆ ಬರೀ ಆಕಸ್ಮಿಕ ಎಂದು ಬಾನ್ಸೆಲ್ ಹೇಳಲಿಲ್ಲ. ಕೋಟ್ಯಂತರ ಜನರ ಮನಸ್ಸಿನದು ಎಂದೂ ಹೇಳಲಿಲ್ಲ.

ನಿಮ್ಮ ಲೇಖನದಲ್ಲಿ ಬಾನ್ಸೆಲ್ ಹೆಸರೇ ಇಲ್ಲ. ದೇವರ ಮುಂದೆ ಒಟ್ಟಾಗಿ ಕೂರುವ ಜನರಿಗೆ ಈ ಯಂತ್ರಗಳ ಸಾಕ್ಷಿ ಬೇಕಾಗಿಯೂ ಇಲ್ಲ. ಅವರ ಭಕ್ತಿಗೆ ವಿಜ್ಞಾನದ ಠಸ್ಸೆ ಒತ್ತಿಕೊಡುವುದು ಅವರಿಗೂ ವಿಜ್ಞಾನಕ್ಕೂ ಮಾಡುವ ಅನ್ಯಾಯ. ಪುರವಣಿಯ ಅದೇ ಪುಟದಲ್ಲಿ, ಅಷ್ಟೇ ಜಾಗ ಕೊಟ್ಟು, ಬಾನ್ಸೆಲ್ ಮತ್ತು ಮೇ ಅವರ ವಿಶ್ಲೇಷಣೆಗಳನ್ನೂ ಕನ್ನಡದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಸಂಖ್ಯಾಶಾಸ್ತ್ರದ ಭಾಗವನ್ನು ಓದುಗರಿಗೆ ತಿಳಿಯುವಂತೆ ಬರೆದುಕೊಡಲು ನಾನು ಸಿದ್ಧಳಿದ್ದೇನೆ.

ಇಂತಿ,
ಸಂಖ್ಯಾಶಾಸ್ತ್ರ ಉಪನ್ಯಾಸಕಿ, ಶಿವಮೊಗ್ಗ