ಕಮಲಾಪುರದ ಹತ್ತಿರ ಬೈಕ್ ನಿಲ್ಲಿಸಿದ ಅಣ್ಣನಿಗೆ

ಕಲಬುರಗಿ–ಹುಮನಾಬಾದ್ ರಸ್ತೆಯಲ್ಲಿ, ಸುಡುಬಿಸಿಲಲ್ಲಿ ನಮ್ಮ ಹಳೆ ಕಾರು ಹೊಗೆಯಾಡ್ತಾ ನಿಂತಾಗ ಬಂದ ಅಣ್ಣಾ, ಹೆಸರು ಕೇಳೋಕೂ ಬಿಡದೆ ಹೊರಟುಬಿಟ್ರಿ. ಅದಕ್ಕೇ ಇಲ್ಲಿ ಬರೀತಿದ್ದೀನಿ.

"ರೇಡಿಯೇಟರ್ ಕ್ಯಾಪ್ ಮುಟ್ಟಬ್ಯಾಡ್ರಿ, ಸುಡ್ತದ" ಅಂದ್ರಿ. ಗ್ಯಾರೇಜಿನವರು, ಇಂಜಿನ್ ಒಳಗೆ ನೀರು–ಆಯಿಲ್ ಬೆರೆಯದಂತೆ ತಡೆಯೋ ಹೆಡ್ ಗ್ಯಾಸ್ಕೆಟ್ ಹೋಗಿದೆ, ದೊಡ್ಡ ಖರ್ಚು ಅಂತ ಹೆದರಿಸಿದ್ದರು. ನೀವು ಡಿಪ್‌ಸ್ಟಿಕ್ ಎಳೆದು ಆಯಿಲ್ ಬೆರಳಿಗೆ ಹಚ್ಚಿ ನೋಡಿದ್ರಿ, ಬಿಳಿ ನೊರೆ ಇರಲಿಲ್ಲ, ಅಂದ್ರೆ ಆಯಿಲ್‌ಗೆ ನೀರು ಸೇರಿದ ಗುರುತಿಲ್ಲ. ಇಂಜಿನ್ ಅಷ್ಟು ಸುಡುತ್ತಿದ್ದರೂ ರೇಡಿಯೇಟರ್‌ನ ಮೇಲಿನ ಪೈಪ್ ಬರೀ ಬೆಚ್ಚಗಿದೆ, ಅಂದ್ರೆ ಬಿಸಿ ನೀರು ರೇಡಿಯೇಟರ್‌ಗೆ ಬರ್ತಾನೇ ಇಲ್ಲ ಅಂತ ನನ್ನ ಕೈಯಿಂದಲೇ ಮುಟ್ಟಿಸಿ ತೋರಿಸಿದ್ರಿ. ಇಂಜಿನ್ ಪೂರ್ತಿ ಆರಿದ ಮೇಲೆ, ಬಿಸಿಯಾದಾಗ ಬಾಯಿ ತೆರೆದು ನೀರನ್ನ ರೇಡಿಯೇಟರ್‌ಗೆ ಬಿಡೋ ಥರ್ಮೋಸ್ಟಾಟ್ ಬಿಚ್ಚಿ, ಚಹಾ ಅಂಗಡಿಯವರು ಕೊಟ್ಟ ಕುದಿಯೋ ನೀರಿಗೆ ಹಾಕಿದ್ರೆ ಅದು ಬಾಯೇ ಬಿಡಲಿಲ್ಲ! ಸಾಮಾನ್ಯವಾಗಿ 80–90 ಡಿಗ್ರಿಗೆ ತೆರೀಬೇಕಾದ್ದು ಕುದಿಯೋ ನೀರಲ್ಲೂ ತೆರೀಲಿಲ್ಲ ಅಂದ್ರೆ ಬೇರೆ ಸಾಕ್ಷಿ ಬೇಕಾ?

ಊರು ಮುಟ್ಟೋವರೆಗೆ ಮಾತ್ರ ಅದಿಲ್ಲದೆ ಓಡಿಸಿ ಅಂದ್ರಿ, ಹಾಗೇ ಮಾಡಿದೆ. ಹೊಸದು ಹಾಕಿಸಿ, ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಅರ್ಧರ್ಧ ತುಂಬಿಸಿದ್ದೀನಿ. ಈಗ ಟೆಂಪರೇಚರ್ ಮುಳ್ಳು ಅರ್ಧ ದಾಟ್ತಿಲ್ಲ. ಅಮ್ಮನ್ನ ಡಾಕ್ಟರ್ ಹತ್ರ ಧೈರ್ಯವಾಗಿ ಕರ್ಕೊಂಡು ಹೋಗ್ತಿದ್ದೀನಿ. ದುಡ್ಡು ಕೊಟ್ಟರೆ ಒಂದು ಚಹಾ ಸಾಕು ಅಂದ್ರಲ್ಲ, ಇದನ್ನ ಓದಿದ್ರೆ ಒಂದು ಸಲ ಮನೆಗೆ ಊಟಕ್ಕೆ ಬರಲೇಬೇಕು ರೀ.